ಒಣಮರದ ಪರವಾಗಿ ಎರಡು ಮಾತು

(ಅಂತಿಮ ಬಿ. ಎ. ತರಗತಿ)

ಮರ ಕಡಿಯಬಾರದೆಂದು ನಮಗೆ ಎಲ್ಲರೂ ಹೇಳಿದ್ದಾರೆ. ಪ್ರಾಥಮಿಕ ಶಾಲೆಯ ಪಾಠಪುಸ್ತಕದಿಂದ ಹಿಡಿದು ಪ್ರತಿ ವರ್ಷ ಜೂನ್ ೫ರಂದು ನಡೆಯುವ ಪರಿಸರ ದಿನಾಚರಣೆಯ ಭಾಷಣದವರೆಗೆ ಈ ಮಾತನ್ನು ಕೇಳಿ ಕೇಳಿ ನಮ್ಮ ಕಿವಿಗೆ ಅದು ರೂಢಿಯಾಗಿಬಿಟ್ಟಿದೆ. ಆದರೆ ಈ ಉಪದೇಶಗಳಲ್ಲಿ ಬರುವ ಮರವೆಂದರೆ ಹಸಿರು ಮರ. ಎಲೆಯುದುರಿ, ತೊಗಟೆ ಕಳಚಿ, ಬೋಳಾಗಿ ನಿಂತ ಮರದ ವಿಷಯದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಣಗಿದ ಮೇಲೆ ಅದು ಮರವೇ ಅಲ್ಲ, ಕಟ್ಟಿಗೆ ಎಂಬುದು ಲೋಕದ ತೀರ್ಮಾನ. ಉರಿಸಬಹುದು, ಕೊಯ್ಯಬಹುದು, ಹರಾಜು ಹಾಕಬಹುದು; ಅದನ್ನು ಸುಮ್ಮನೆ ನಿಲ್ಲಗೊಡುವುದು ಮಾತ್ರ ದಂಡವೆಂದು ಪರಿಗಣಿತವಾಗಿದೆ.

ಆನೆಯ ಬಗ್ಗೆ ನಮ್ಮವರು ಹೀಗೆ ಯೋಚಿಸಲಿಲ್ಲ. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂದರು. ಕಾಡಿನ ಮರಕ್ಕೂ ಈ ಗಾದೆ ಸಲ್ಲುತ್ತದೆಂದು ನನ್ನ ವಾದ. ಆದರೆ ಅದು ಹರಾಜಿನ ಸಾವಿರವಲ್ಲ. ಕಾಡಿನಲ್ಲಿ ಸತ್ತು ನಿಂತ ಮರವೂ ಬಿದ್ದು ಕೊಳೆಯುವ ದಿಮ್ಮಿಯೂ ಜೀವಂತ ಮರದಷ್ಟೇ ಪ್ರಾಣಿಪಕ್ಷಿಗಳಿಗೆ ಅವಶ್ಯ. ಅವನ್ನು ಕಾಡಿನಿಂದ ಹೊರಸಾಗಿಸುವುದೂ ಒಂದು ಬಗೆಯ ಕಡಿತವೇ. ಆದುದರಿಂದ ನಮ್ಮ ಸಹಜಾರಣ್ಯಗಳಲ್ಲಿ ಅವನ್ನು ಇದ್ದಲ್ಲಿಯೇ ಬಿಡಬೇಕು. ಈ ಲೇಖನದಲ್ಲಿ ನಾನು ಸಮರ್ಥಿಸಬಯಸುವುದು ಇಷ್ಟನ್ನೇ.

ಈ ಮಾತನ್ನಾಡಲು ಇವನಿಗೇನು ಅಧಿಕಾರ ಎಂದು ಗುರುಗಳು ಕೇಳಬಹುದು. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ವಿದ್ಯಾರ್ಥಿ. ಆದರೆ ನನ್ನ ಮನೆ ಉತ್ತರ ಕನ್ನಡದ ಘಟ್ಟದ ಮೇಲಣ ಒಂದು ಕಾಡಂಚಿನ ಊರಿನಲ್ಲಿದೆ. ನಮ್ಮ ಅಜ್ಜ ಕೂಪಿನಲ್ಲಿ ಗರಗಸ ಎಳೆದವರು. ತಂದೆಯವರು ಇಂದಿಗೂ ಬೇಸಿಗೆಯಲ್ಲಿ ಒಣಮರ ತೆಗೆಯುವ ಕೆಲಸ ಬಂದಾಗ ಕೂಲಿಗೆ ಹೋಗುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಫೀಜಿನ ಹಣದಲ್ಲಿ ಒಂದಷ್ಟು ಈ ಒಣಮರಗಳಿಂದಲೇ ಬಂದದ್ದು. ಎಂದಮೇಲೆ ನಾನು ಒಣಮರದ ಪರವಾಗಿ ಮಾತನಾಡುವುದು ಮನೆಯ ಅನ್ನದ ವಿರುದ್ಧ ಮಾತನಾಡಿದಂತಾಗುವುದಿಲ್ಲವೆ? ಈ ಪ್ರಶ್ನೆ ನನಗೆ ಸಣ್ಣದಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಮರದ ವಿಚಾರ.

ಮರ ಮನುಷ್ಯನಂತೆ ಒಂದು ಗಳಿಗೆಯಲ್ಲಿ ಪ್ರಾಣ ಬಿಡುವುದಿಲ್ಲ. ಮತ್ತಿಯೋ ನಂದಿಯೋ ತಾರೆಯೋ ನೂರಾರು ವರ್ಷ ಬೆಳೆಯುವಾಗಲೇ ಅದರ ಒಳತಿರುಳು ಜೀವವಿಲ್ಲದ ಕಟ್ಟಿಗೆಯಾಗಿರುತ್ತದೆ. ಬದುಕಿರುವುದು ತೊಗಟೆಯಡಿಯ ಹೊರಪದರ ಮಾತ್ರ. ಗಾಳಿಗೆ ಒಂದು ಕೊಂಬೆ ಮುರಿಯುತ್ತದೆ, ಗಾಯದಲ್ಲಿ ಮಳೆನೀರು ನಿಲ್ಲುತ್ತದೆ, ಅಣಬೆಯ ಬೀಜಾಣು ಬಂದು ಕೂರುತ್ತದೆ. ಅಲ್ಲಿಂದ ತಿರುಳು ಮೆತ್ತಗಾಗತೊಡಗುತ್ತದೆ. ನಮ್ಮ ಕಡೆಯವರು ಇದನ್ನು 'ಕುಂಬಾಯಿತು' ಎನ್ನುತ್ತಾರೆ. ಮೇಲೆ ಹಸಿರು ತಲೆ, ಒಳಗೆ ಪೊಳ್ಳು. ಹೀಗೆ ಮರ ಹತ್ತಾರು ವರ್ಷ ನಿಲ್ಲುತ್ತದೆ. ಕೊನೆಗೊಮ್ಮೆ ಎಲೆ ಚಿಗುರುವುದಿಲ್ಲ. ಆಗ ಜೀರುಂಡೆಗಳು ತೊಗಟೆಯಡಿಯಲ್ಲಿ ಮೊಟ್ಟೆಯಿಡುತ್ತವೆ; ಅವುಗಳ ಮರಿಹುಳುಗಳು ಕಟ್ಟಿಗೆಯನ್ನು ಕೊರೆಯುತ್ತವೆ; ಒರಲೆಗಳು ಬುಡದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಮೇಲೇರುತ್ತವೆ. ಸಾವಿನ ಮನೆಯಲ್ಲಿ ಹೀಗೆ ಸಂತೆ ನೆರೆಯುತ್ತದೆ.

ಈ ಸಂತೆಗೆ ಮೊದಲು ಬರುವ ದೊಡ್ಡ ಗಿರಾಕಿ ಮರಕುಟಿಗ. ಉಳಿಯಂಥ ಕೊಕ್ಕು, ಆಸರೆಗೆ ಬಿರುಸಾದ ಬಾಲ, ಬಿಲದೊಳಕ್ಕೆ ಚಾಚುವ ಉದ್ದನೆಯ ನಾಲಗೆ: ಇಷ್ಟನ್ನೂ ನಿಸರ್ಗ ಅದಕ್ಕೆ ಕೊಟ್ಟಿರುವುದು ಕಟ್ಟಿಗೆಯೊಳಗಿನ ಹುಳುವಿಗಾಗಿ. ನಮ್ಮ ಘಟ್ಟದ ಕಾಡಿನಲ್ಲಿ ಕಾಗೆಯಷ್ಟು ದೊಡ್ಡದಾದ, ಕರಿಮೈ, ಬಿಳಿಹೊಟ್ಟೆ, ಕೆಂಪುಜುಟ್ಟಿನ ಒಂದು ಮರಕುಟಿಗವಿದೆ. ಅದರ ಬೇಟೆಯೂ ಮನೆಯೂ ಹೆಚ್ಚಾಗಿ ದಪ್ಪನೆಯ ಒಣಮರಗಳಲ್ಲಿಯೇ. ಸಣ್ಣ ಗಳುವಿನಂಥ ಮರಗಳಿರುವ ತೋಪಿನಲ್ಲಿ ಅದಕ್ಕೆ ಬದುಕಿಲ್ಲ. ಮರಕುಟಿಗವೂ ಕುಟ್ರುಹಕ್ಕಿಯೂ ಸಾಮಾನ್ಯವಾಗಿ ಮರಿ ಮಾಡಲು ಹೊಸ ಗೂಡನ್ನು ಕೊರೆದುಕೊಳ್ಳುತ್ತವೆ, ಹಳೆಯದನ್ನು ಬಿಟ್ಟುಹೋಗುತ್ತವೆ. ಹೀಗೆ ಬಿಟ್ಟ ಮನೆಗಳಿಗೆ ಬಾಡಿಗೆದಾರರು ಅನೇಕ. ಗಿಳಿ, ಮೈನಾ, ಮಡಿವಾಳ, ಹಾಲಕ್ಕಿ, ಗೂಬೆ, ಬಾವಲಿ, ಹಾರುಬೆಕ್ಕು, ತುಡುವೆ ಜೇನು, ಮಿಸರಿ ಜೇನು. ಇವುಗಳಲ್ಲಿ ಯಾವುದಕ್ಕೂ ಮರ ಕೊರೆಯುವ ಸಾಮರ್ಥ್ಯವಿಲ್ಲ. ಬಡಗಿಯಿಲ್ಲದ ಊರಿನಲ್ಲಿ ಬಾಗಿಲಿಲ್ಲದಂತೆ, ಮರಕುಟಿಗವಿಲ್ಲದ ಕಾಡಿನಲ್ಲಿ ಇವುಗಳಿಗೆ ಮನೆಯ ಬರ; ಒಣಮರವಿಲ್ಲದ ಕಾಡಿನಲ್ಲಿ ಮರಕುಟಿಗಕ್ಕೇ ಬರ.

ಮಂಗಟ್ಟೆ ಹಕ್ಕಿಯ ಕಥೆ ಇನ್ನೂ ವಿಚಿತ್ರ. ದಾಂಡೇಲಿಯ ಸುತ್ತಿನ ಕಾಡಿನಲ್ಲಿ ಈ ಹಕ್ಕಿಯ ನಾಲ್ಕು ಜಾತಿಗಳಿವೆ. ಅವುಗಳಲ್ಲಿ ದೊಡ್ಡ ಮಂಗಟ್ಟೆ ನೋಡತಕ್ಕ ಹಕ್ಕಿ. ಹಾರಿದರೆ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಬೇಸಿಗೆಯ ಮೊದಲು ಹೆಣ್ಣುಹಕ್ಕಿ ಹಿರಿಯ ಮರವೊಂದರ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆ ಮುಂತಾದವುಗಳಿಂದ ಮೆತ್ತಿಕೊಂಡು, ಕೊಕ್ಕು ಹಾಯುವಷ್ಟು ಸೀಳು ಮಾತ್ರ ಉಳಿಸಿಕೊಂಡು, ಸುಮಾರು ಮೂರು-ನಾಲ್ಕು ತಿಂಗಳು ಒಳಗೇ ಇರುತ್ತದೆ. ಗಂಡು ಆಲ, ಬಸರಿ, ಅತ್ತಿ ಮೊದಲಾದ ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಇಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಎಂಥ ಮರದಲ್ಲಿರಬೇಕು? ಇಬ್ಬರು ಮೂವರು ತಬ್ಬಿದರೂ ತೋಳಿಗೆ ಸಿಕ್ಕದ, ತಿರುಳು ಕುಂಬಾದ, ಮುದಿ ಮರದಲ್ಲಿ. ಅನುಕೂಲವಾದ ಪೊಟರೆ ದೊರೆತರೆ ವರ್ಷಾನುವರ್ಷ ಅದಕ್ಕೇ ಮರಳಿ ಬರುತ್ತವೆ. ಅಂಥ ಮರವೊಂದನ್ನು ಕಡಿದರೆ ಮುಂದಿನ ವರ್ಷ ಬೇರೆ ಪೊಟರೆ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಇಂದು ನೆಟ್ಟ ಸಸಿ ಅಷ್ಟು ದಪ್ಪವಾಗಿ, ಒಳಗೆ ಪೊಳ್ಳಾಗಿ, ಮಂಗಟ್ಟೆಯನ್ನು ಬಾ ಎಂದು ಕರೆಯುವ ಹೊತ್ತಿಗೆ ನಮ್ಮ ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ.

ಮಂಗಟ್ಟೆ ಹೋದರೆ ಹೋಗಲಿ ಎನ್ನುವವರು ಒಂದನ್ನು ಗಮನಿಸಬೇಕು. ರಾಮಪತ್ರೆಯಂಥ ಮರಗಳ ದೊಡ್ಡ ಬೀಜವನ್ನು ನುಂಗಿ ದೂರ ಒಯ್ದು ಉಗುಳುವ ಹಕ್ಕಿಗಳು ಕಾಡಿನಲ್ಲಿ ಕೆಲವೇ. ಅವುಗಳಲ್ಲಿ ಮಂಗಟ್ಟೆ ಮುಖ್ಯವಾದುದು. ಪೊಳ್ಳುಮರ ಹೋದರೆ ಮಂಗಟ್ಟೆ ಹೋಗುತ್ತದೆ. ಮಂಗಟ್ಟೆ ಹೋದರೆ ನಾಳೆಯ ರಾಮಪತ್ರೆ ತಾಯಿಮರದ ಅಡಿಯಲ್ಲಿಯೇ ಬಿದ್ದು ಕೊಳೆಯುತ್ತದೆ. ಸತ್ತ ತಿರುಳಿಗೂ ಹುಟ್ಟಲಿರುವ ಸಸಿಗೂ ನಡುವೆ ಹೀಗೊಂದು ಲೆಕ್ಕವಿದೆ. ನಮ್ಮ ಅರಣ್ಯದ ಜಮಾಖರ್ಚಿನ ಪುಸ್ತಕದಲ್ಲಿ ಆ ಲೆಕ್ಕಕ್ಕೆ ಪುಟವಿಲ್ಲ.

ಇನ್ನು ಬಿದ್ದ ಮರ. ನಿಂತಾಗ ಅದು ಹಕ್ಕಿಗಳ ಕೇರಿಯಾಗಿದ್ದರೆ, ಬಿದ್ದ ಮೇಲೆ ನೆಲದ ಜೀವಿಗಳ ಛತ್ರವಾಗುತ್ತದೆ. ಕೊಳೆಯುವ ದಿಮ್ಮಿ ಸ್ಪಂಜಿನಂತೆ ನೀರು ಹೀರಿಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಕಾಡಿನ ನೆಲವೆಲ್ಲ ಹಪ್ಪಳದಂತೆ ಒಣಗಿರುವಾಗಲೂ ಅಂಥ ದಿಮ್ಮಿಯ ಅಡಿಯಲ್ಲಿ ತಂಪಿರುತ್ತದೆ. ಕಪ್ಪೆ, ಹಾವುರಾಣಿ, ಚೇಳು, ಜರಿ, ಶಂಖದ ಹುಳು ಎಲ್ಲವೂ ಮಳೆ ಬರುವವರೆಗೆ ಅಲ್ಲಿ ದಿನ ನೂಕುತ್ತವೆ. ಒರಲೆ, ಇರುವೆಗಳನ್ನು ಹುಡುಕಿ ಚಿಪ್ಪುಹಂದಿ ಬರುತ್ತದೆ. ಕರಡಿ ಬಂದು ದಿಮ್ಮಿಯನ್ನು ಬಗೆಯುತ್ತದೆ. ಮಳೆಗಾಲದ ಕತ್ತಲ ರಾತ್ರಿಗಳಲ್ಲಿ ನಮ್ಮ ಘಟ್ಟದ ಕೆಲವು ಕಡೆ ಕೊಳೆತ ಕಟ್ಟಿಗೆ ಹಸಿರು ಬೆಳಕು ಸೂಸುವುದನ್ನು ಕಂಡವರಿದ್ದಾರೆ. ಅದು ದೆವ್ವವಲ್ಲ, ಕಟ್ಟಿಗೆಯನ್ನು ಕರಗಿಸುತ್ತಿರುವ ಅಣಬೆಯ ಬೆಳಕು. ಕೊನೆಗೆ ಆ ಮರ ಮಣ್ಣಿಗೆ ಸೇರಿ, ತಾನು ನೂರಾರು ವರ್ಷ ಎಳೆದುಕೊಂಡಿದ್ದ ಸತ್ತ್ವವನ್ನು ಹಿಂದಿರುಗಿಸುತ್ತದೆ. ತೋಟಕ್ಕೆ ಸೊಪ್ಪು, ಗೊಬ್ಬರ ಹೊರುವ ನಮ್ಮ ರೈತರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ತೋಟದಿಂದ ತೆಗೆಯುತ್ತಲೇ ಇದ್ದು ಏನನ್ನೂ ಕೊಡದಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಕಾಡಿಗೆ ಗೊಬ್ಬರ ಹೊರುವವರು ಯಾರು?

ಇಷ್ಟೆಲ್ಲ ಉಪಯೋಗವಿರುವ ವಸ್ತು ನಮಗೆ ಕಸವಾಗಿ ಕಂಡದ್ದು ಹೇಗೆ? ಇಲ್ಲಿ ಇತಿಹಾಸದ ವಿದ್ಯಾರ್ಥಿಯ ಕೆಲಸ ಸ್ವಲ್ಪ ಇದೆ. ಬ್ರಿಟಿಷರಿಗೆ ನಮ್ಮ ಕಾಡು ಮೊದಲು ಕಂಡದ್ದು ಹಡಗಿನ ಸಾಗುವಾನಿಯ ರೂಪದಲ್ಲಿ. ಆಮೇಲೆ ರೈಲುದಾರಿಯ ಸ್ಲೀಪರುಗಳ ರೂಪದಲ್ಲಿ. ೧೮೬೪ರಲ್ಲಿ ಅವರು ಜರ್ಮನಿಯ ಬ್ರಾಂಡಿಸ್ ಎಂಬವರ ಹಿರಿತನದಲ್ಲಿ ಅರಣ್ಯ ಇಲಾಖೆಯನ್ನು ಕಟ್ಟಿದರು. ೧೮೬೫, ೧೮೭೮, ೧೯೨೭ರ ಕಾನೂನುಗಳು ಬಂದವು. ಆ ಕಾಲದ ಅರಣ್ಯಶಾಸ್ತ್ರದ ದೃಷ್ಟಿಯಲ್ಲಿ ಕಾಡು ಒಂದು ಬೆಳೆ. ಬೆಳೆ ಬಲಿತಾಗ ಕೊಯ್ಯಬೇಕು. ಬಲಿತು ಮೀರಿದ ಮರ, ಪೊಳ್ಳುಮರ, ಒಣಮರ ಇವು ಜಾಗ ಹಿಡಿದ ಕಳೆ. ಸ್ವಾತಂತ್ರ್ಯ ಬಂದ ಮೇಲೂ ಈ ದೃಷ್ಟಿ ಹೋಗಲಿಲ್ಲ. ಪ್ಲೈವುಡ್ಡಿಗೆ ಮೆದುಮರ, ಕಾಗದಕ್ಕೆ ಬಿದಿರು, ಬೊಕ್ಕಸಕ್ಕೆ ಸಾಗುವಾನಿ. ಉತ್ತರ ಕನ್ನಡದಲ್ಲಿ ಎಷ್ಟೋ ಮಿಶ್ರಾರಣ್ಯವನ್ನು ಪೂರ್ತಿ ಬೋಳಿಸಿ ಸಾಗುವಾನಿಯ ಸಾಲು ಹಾಕಿದರು. ಸಾಲುಮರಗಳಿಗೆ ಒಂದೇ ವಯಸ್ಸು. ಪೊಟರೆ ಮೂಡುವ ವಯಸ್ಸಿಗೆ ಮೊದಲೇ ಅವುಗಳಿಗೆ ಕಟಾವು.

ಕೂಪಿನ ಕಡಿತದಿಂದ ಆಗುವ ಹಾನಿ ಕಡಿದ ಮರಗಳ ಲೆಕ್ಕದಲ್ಲಿ ಮುಗಿಯುವುದಿಲ್ಲ. ಹೆಮ್ಮರ ಬೀಳುವಾಗ ತನ್ನ ಸುತ್ತಲಿನ ಹತ್ತು ಮರಗಳ ಕೊಂಬೆ ಮುರಿದುಕೊಂಡು ಬೀಳುತ್ತದೆ. ನಾಟಾ ಎಳೆದ ದಾರಿಯಲ್ಲಿ ಸಸಿ ನುರಿಯುತ್ತದೆ, ಮಣ್ಣು ಬಿಗಿಯುತ್ತದೆ. ಮೇಲಿನ ಚಪ್ಪರ ಹರಿದಲ್ಲಿ ಬಿಸಿಲು ಬೀಳುತ್ತದೆ. ಬಿಸಿಲಿನ ಹಿಂದೆ ಲಂಟಾನ, ಕಮ್ಯುನಿಸ್ಟ್ ಗಿಡ ಬರುತ್ತವೆ. ನೆಲಕ್ಕಿಳಿಯಲೊಲ್ಲದ ಸಿಂಗಳೀಕ, ಕೆಂದಳಿಲು, ಕಾಡುಪಾಪಗಳಿಗೆ ಕೊಂಬೆಯಿಂದ ಕೊಂಬೆಗೆ ಹೋಗುವ ದಾರಿ ಕಡಿದುಹೋಗುತ್ತದೆ. ಲಾರಿಯ ದಾರಿ ಮಾತ್ರ ಕೂಪು ಮುಗಿದ ಮೇಲೂ ಉಳಿದು, ಕಳ್ಳಬೇಟೆಯವನಿಗೆ ಅನುಕೂಲವಾಗುತ್ತದೆ.

ಕಸವೆಂದು ತಿಳಿದದ್ದು ರಕ್ಷಕನಾಗಿರುವುದುಂಟು ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಕಾಗದದ ಗಿರಣಿಗಾಗಿ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳುಹೊದಿಕೆಯನ್ನು ಸವರಿ ಚೊಕ್ಕಟಮಾಡುತ್ತಿದ್ದರು; ಮುಳ್ಳು ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಬಲ್ಲವರ ಅಭಿಪ್ರಾಯವಾಗಿತ್ತು. ಹಳ್ಳಿಯವರು ಹಾಗಲ್ಲವೆಂದರು. ೧೯೭೦ರ ದಶಕದಲ್ಲಿ ಮಾಧವ ಗಾಡ್ಗೀಳರೂ ಅವರ ಜೊತೆಗಾರರೂ ಬಿದಿರಿನ ಅಧ್ಯಯನ ಕೈಕೊಂಡು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳು ಹೋದಲ್ಲಿ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತಿದ್ದವು. ಚೊಕ್ಕಟವೇ ಮೆಳೆಗೆ ಮೃತ್ಯುವಾಗಿತ್ತು. ಒಣಮರದ ವಿಷಯದಲ್ಲಿಯೂ ನಾವು ಮಾಡುತ್ತಿರುವುದು ಇಂಥದೇ ಚೊಕ್ಕಟ.

ಹಸಿರು ಮರಗಳ ಪರವಾಗಿ ನಮ್ಮ ಜಿಲ್ಲೆ ಒಮ್ಮೆ ಎದ್ದು ನಿಂತಿತು. ೧೯೮೩ರ ಸೆಪ್ಟೆಂಬರ್ ತಿಂಗಳಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕೊಡಲಿಯ ಮುಂದೆ ಮರಗಳನ್ನು ಅಪ್ಪಿಕೊಂಡರು. ಆ 'ಅಪ್ಪಿಕೋ' ಚಳವಳಿ ಸಹ್ಯಾದ್ರಿಯ ಇತರ ಕಡೆಗಳಿಗೂ ಹಬ್ಬಿತು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನ ಮೊದಲ ಕೆಲಸ ನಾಟಾ ಒದಗಿಸುವುದಲ್ಲವೆಂದು ಒಪ್ಪಿಕೊಂಡಿತು. ಒಣಮರಕ್ಕೂ ಒಂದು ದಿನ ಬಂತು. ಗೋದಾವರ್ಮನ್ ತಿರುಮುಲ್ಪಾಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೦೦ದ ಫೆಬ್ರವರಿ ೧೪ರಂದು ಕೊಟ್ಟ ಆಜ್ಞೆಯಲ್ಲಿ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಕೂಡದೆಂದು ಹೇಳಿತು. ನನಗೆ ತಿಳಿದಮಟ್ಟಿಗೆ ಒಣಮರದ ಪರವಾಗಿ ನಮ್ಮ ದೇಶದಲ್ಲಿ ನುಡಿದ ಅತಿ ದೊಡ್ಡ ಮಾತು ಇದು.

ಆದರೆ ಈ ರಕ್ಷಣೆ ಅಭಯಾರಣ್ಯದ ಗಡಿಯಲ್ಲಿ ನಿಲ್ಲುತ್ತದೆ. ಗಡಿಯಾಚೆಯ ಮೀಸಲು ಅರಣ್ಯದಲ್ಲಿ ಒಣಗಿದ್ದು, ಬಿದ್ದದ್ದು ಡಿಪೋಗೆ ಹೋಗುವ ಸಾಮಗ್ರಿಯೇ. ಮರಕುಟಿಗಕ್ಕೆ ಗಡಿಯ ಕಲ್ಲು ಓದಲು ಬರುವುದಿಲ್ಲ. ದಾಂಡೇಲಿ ಅಭಯಾರಣ್ಯವಾದದ್ದು ೧೯೫೬ರಲ್ಲಿ. ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು ೧೯೮೭ರಲ್ಲಿ. ೨೦೧೧ರಲ್ಲಿ ಮಂಗಟ್ಟೆಗಾಗಿಯೇ ದಾಂಡೇಲಿಯ ಬಳಿ ಒಂದು ಸಂರಕ್ಷಣಾ ಮೀಸಲು ಪ್ರದೇಶವನ್ನೂ, ಸಿಂಗಳೀಕಕ್ಕಾಗಿ ಅಘನಾಶಿನಿ ಕಣಿವೆಯಲ್ಲಿ ಇನ್ನೊಂದನ್ನೂ ಸರ್ಕಾರ ಘೋಷಿಸಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ನಮ್ಮ ಜಿಲ್ಲೆಯ ಕಾಡಿನಲ್ಲಿ ಬಹುಪಾಲು ಇವುಗಳ ಹೊರಗಿದೆ. ವಿನೋದವೆಂದರೆ, ಮಂಗಟ್ಟೆಯನ್ನು ನೋಡಲು ದೂರದೂರದಿಂದ ಬರುವ ಪಕ್ಷಿಪ್ರಿಯರಲ್ಲಿ ದಾಂಡೇಲಿಯ ನಾಟಾ ಡಿಪೋ ಬಹು ಹೆಸರಾದ ಸ್ಥಳ. ದಿಮ್ಮಿಗಳ ರಾಶಿಯ ನಡುವೆ ಉಳಿದ ಹಳೆಯ ಮರಗಳ ಮೇಲೆ ಬಂದು ಕೂರುವ ಹಕ್ಕಿಗಳನ್ನು ಅವರು ಅಲ್ಲಿ ದುರ್ಬೀನಿಟ್ಟು ನೋಡುತ್ತಾರೆ. ಆ ದಿಮ್ಮಿಗಳಲ್ಲಿ ಎಷ್ಟರಲ್ಲಿ ಪೊಟರೆ ಇತ್ತೋ ಹಕ್ಕಿಗಳೇ ಹೇಳಬೇಕು.

ಪರದೇಶಗಳಲ್ಲಿ ಈ ವಿಚಾರ ಹೊಸದಲ್ಲ. ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಎಂಬ ಪ್ರಾಣಿವಿಜ್ಞಾನಿ ವೈಥಮ್ ಎಂಬ ಕಾಡನ್ನು ಬಹುಕಾಲ ಅಭ್ಯಸಿಸಿ, ೧೯೬೬ರ ತನ್ನ ಗ್ರಂಥದಲ್ಲಿ, ಕೊಳೆಯುವ ಮರವನ್ನೆಲ್ಲ ತೆಗೆದುಬಿಟ್ಟರೆ ಕಾಡಿನ ಪ್ರಾಣಿಜಾತಿಗಳಲ್ಲಿ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ನಷ್ಟವಾದೀತೆಂದು ಅಂದಾಜು ಮಾಡಿದನು. ಫಿನ್ಲೆಂಡಿನ ವಿಜ್ಞಾನಿಗಳ ಲೆಕ್ಕದಂತೆ ಆ ದೇಶದ ಕಾಡಿನಲ್ಲಿ ಸತ್ತ ಮರವನ್ನು ನೆಮ್ಮಿದ ಜೀವಿಪ್ರಭೇದಗಳು ೪೦೦೦ದಿಂದ ೫೦೦೦. ಅಂದರೆ ಕಾಡಿನ ಪ್ರಭೇದಗಳಲ್ಲಿ ನೂರಕ್ಕೆ ೨೦ರಿಂದ ೨೫. ಅಮೆರಿಕದಲ್ಲಿ ದಂತದ ಬಣ್ಣದ ಕೊಕ್ಕಿನ ಒಂದು ಭಾರಿ ಮರಕುಟಿಗವಿತ್ತು. ಹೊಸದಾಗಿ ಸತ್ತ ಹೆಮ್ಮರಗಳ ತೊಗಟೆ ಸುಲಿದು ಅಲ್ಲಿಯ ಹುಳುಗಳನ್ನು ತಿಂದು ಅದು ಬದುಕುತ್ತಿತ್ತು. ದಕ್ಷಿಣದ ರಾಜ್ಯಗಳ ಹಳೆಯ ಕಾಡುಗಳು ಗರಗಸಕ್ಕೆ ಆಹುತಿಯಾದವು. ಎಲ್ಲರೂ ಒಪ್ಪುವಂತೆ ಅದನ್ನು ಕೊನೆಯ ಬಾರಿ ಕಂಡದ್ದು ೧೯೪೪ರಲ್ಲಿ, ಲೂಸಿಯಾನದ ಕಡಿತದ ಕಾಡಿನಲ್ಲಿ. ಪೋಲೆಂಡಿನ ಬಿಯಾಲೊವೀಝಾ ಎಂಬ ಪುರಾತನ ಅರಣ್ಯದಲ್ಲಿ ತೊಗಟೆಹುಳುವಿನ ಕಾಟವೆಂದು ೨೦೧೬ರಲ್ಲಿ ಅಲ್ಲಿಯ ಸರ್ಕಾರ ಕಡಿತವನ್ನು ಹೆಚ್ಚಿಸಿದಾಗ, ಯೂರೋಪಿನ ಒಕ್ಕೂಟದ ನ್ಯಾಯಾಲಯ ೨೦೧೮ರ ಏಪ್ರಿಲ್‌ನಲ್ಲಿ ಅದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ನಮ್ಮದು ಉಷ್ಣದೇಶ, ಇಲ್ಲಿಗೆ ಆ ಲೆಕ್ಕ ಅನ್ವಯಿಸುವುದಿಲ್ಲವೆಂದು ಯಾರಾದರೂ ಹೇಳಬಹುದು. ವ್ಯತ್ಯಾಸವೇನೋ ಇದೆ. ಚಳಿದೇಶದಲ್ಲಿ ಬಿದ್ದ ದಿಮ್ಮಿ ಬಹುಕಾಲ ಉಳಿಯುತ್ತದೆ. ನಮ್ಮಲ್ಲಿ ಮಳೆ, ಬಿಸಿಲು, ಅಣಬೆ, ಒರಲೆಗಳ ಸಹಕಾರದಿಂದ ಬೇಗ ಕರಗುತ್ತದೆ. ಆದರೆ ಇದರಿಂದ ಹೊರಡುವ ತಾತ್ಪರ್ಯ ಬೇರೆಯೇ. ಬೇಗ ಕರಗುವ ವಸ್ತುವನ್ನು ನೆಚ್ಚಿದ ಜೀವಿಗಳಿಗೆ ಅದು ಮತ್ತೆ ಮತ್ತೆ ಒದಗುತ್ತಿರಬೇಕು. ಕೆಲವು ವರ್ಷ ಸರಬರಾಜು ನಿಂತರೂ ಅವು ಉಪವಾಸ.

ಇನ್ನು ಆಕ್ಷೇಪಗಳು. ಮೊದಲನೆಯದು ಬೆಂಕಿಯದು. ಒಣಮರ ಬಿಟ್ಟರೆ ಕಾಳ್ಗಿಚ್ಚು ಹೆಚ್ಚುತ್ತದೆಂಬ ಭಯ ನಿರಾಧಾರವಲ್ಲ. ಕಿಚ್ಚು ತಗುಲಿದ ದಿಮ್ಮಿ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಆದರೆ ನಮ್ಮ ಎಲೆಯುದುರುವ ಕಾಡಿನ ಬೆಂಕಿ ಓಡುವುದು ಒಣಗಿದ ಎಲೆ, ಹುಲ್ಲು, ಪೊದೆಗಳ ಮೇಲೆ. ಅದು ಹುಟ್ಟುವುದು ಹೆಚ್ಚಾಗಿ ಮನುಷ್ಯನ ಕೈಯಿಂದ. ದಿಮ್ಮಿ ಒಯ್ದು ತರಗೆಲೆ ಬಿಟ್ಟರೆ ಬೆಂಕಿ ನಿಂತೀತೆ? ಎರಡನೆಯದು ರೋಗದ್ದು. ಎಲ್ಲೋ ಒಮ್ಮೆ ಹುಳುವಿನ ಹಾವಳಿ ವಿಪರೀತವಾದಾಗ ಬೇರೆ ಉಪಾಯ ಬೇಕಾದೀತು. ಆದರೆ ಅಪವಾದವನ್ನು ನಿಯಮ ಮಾಡಬಾರದು. ಕುಂಬಾದ ಹಳೆಯ ಮರವನ್ನು ತಿನ್ನುವ ಅಣಬೆಯೂ ಹುಳುವೂ ಬಹುಮಟ್ಟಿಗೆ ಸತ್ತದ್ದನ್ನೇ ತಿನ್ನತಕ್ಕವು. ಮೇಲಾಗಿ, ಕೀಟಗಳನ್ನು ತಿನ್ನುವ ಮರಕುಟಿಗದ ಮನೆ ಕೆಡವಿ ಕೀಟದ ಮೇಲೆ ಯುದ್ಧ ಸಾರುವುದು ಎಂಥ ಜಾಣತನ?

ಮೂರನೆಯದು ಬಡವರ ಒಲೆಯದು. ನಾನು ಬಹಳ ಯೋಚಿಸಿದ್ದು ಇದನ್ನು. ೨೦೧೬ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನೇಕ ಹಳ್ಳಿಮನೆಗಳಿಗೆ ಗ್ಯಾಸು ಬಂದಿದೆ. ನಮ್ಮ ಮನೆಗೂ ಬಂದಿದೆ. ಆದರೂ ಬಚ್ಚಲ ಒಲೆ ಕಟ್ಟಿಗೆಯಿಂದಲೇ ಉರಿಯಬೇಕು. ಸಿಲಿಂಡರಿನ ಬೆಲೆ ಏರಿದಾಗ ಅಡಿಗೆಯ ಒಲೆಯೂ ಅದಕ್ಕೆ ಮರಳುತ್ತದೆ. ಅವ್ವ ಕಾಡಿನಿಂದ ತಲೆಹೊರೆ ತರುತ್ತಾಳೆ. ಅವಳಿಗೆ "ಮರಕುಟಿಗಕ್ಕಾಗಿ ತಣ್ಣೀರು ಮೀಯಿ" ಎಂದು ಹೇಳುವಷ್ಟು ಪಂಡಿತ ನಾನಾಗಿಲ್ಲ, ಆಗುವುದೂ ಬೇಡ. ಆದರೆ ಅವಳ ಹೊರೆಯಲ್ಲಿ ಏನಿರುತ್ತದೆಂದು ನೋಡಬೇಕು. ಕೈಯಲ್ಲಿ ಮುರಿಯುವ ಜಿಗ್ಗು, ಕತ್ತಿಯಲ್ಲಿ ಕಡಿಯುವ ಕೊಂಬೆ. ಮಂಗಟ್ಟೆ ಗೂಡು ಕಟ್ಟುವ ಮರವನ್ನು ತಲೆಯ ಮೇಲೆ ಹೊತ್ತು ತಂದ ಹೆಂಗಸು ಈವರೆಗೆ ಹುಟ್ಟಿಲ್ಲ. ಹೆಮ್ಮರಗಳು ಹೋಗುವುದು ಲಾರಿಯಲ್ಲಿ. ಲಾರಿ ಹೋಗುವುದು ಡಿಪೋಗೆ. ಹೀಗಿರುವಲ್ಲಿ ಕಾಡು ಹಾಳಾದದ್ದಕ್ಕೆ ತಲೆಹೊರೆಯವಳನ್ನು ಗದರಿಸಿ ಲಾರಿಗೆ ರಹದಾರಿ ಬರೆದುಕೊಡುವುದು ನ್ಯಾಯವಲ್ಲ. ಹಳ್ಳಿಗರಿಗೆ ಸಣ್ಣ ಕಟ್ಟಿಗೆ ಇರಲಿ. ದಪ್ಪ ಮರ, ಪೊಟರೆಮರ, ದಿಮ್ಮಿ ಕಾಡಿಗಿರಲಿ. ಈ ವಿಭಾಗದಲ್ಲಿ ಇಬ್ಬರಿಗೂ ನಷ್ಟವಿಲ್ಲ.

ನಾಲ್ಕನೆಯದು ಬೊಕ್ಕಸದ್ದು, ಅದರ ಜೊತೆಗೆ ನಮ್ಮ ತಂದೆಯಂಥವರ ಕೂಲಿಯದು. ಒಣಮರದ ಹರಾಜಿನಿಂದ ಸರ್ಕಾರಕ್ಕೆ ಹಣ ಬರುತ್ತದೆ, ಕೆಲವರಿಗೆ ಬೇಸಿಗೆಯ ಕೆಲಸ ಸಿಕ್ಕುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತಂತೆ, ಬೆಲೆ ಕಟ್ಟದ ವಸ್ತುವಿಗೆ ಬೆಲೆಯಿಲ್ಲವೆಂದಲ್ಲ. ಪೊಟರೆಯ ಬೆಲೆಯನ್ನು ಯಾವ ಡಿಪೋದಲ್ಲಿಯೂ ಕೂಗುವುದಿಲ್ಲ, ಅಷ್ಟೆ. ಈಗಿನ ಕಾಲದಲ್ಲಿ ಇಂಗಾಲದ ಲೆಕ್ಕವೂ ಮುಖ್ಯವಾಗಿದೆ. ಜಗತ್ತಿನ ಅರಣ್ಯಗಳಲ್ಲಿ ಸಂಚಿತವಾದ ಇಂಗಾಲದಲ್ಲಿ ನೂರಕ್ಕೆ ಸುಮಾರು ೮ ಪಾಲು ಸತ್ತ ಮರಗಳಲ್ಲಿದೆಯೆಂದು ವಿಜ್ಞಾನಿಗಳ ಅಂದಾಜು. ಕೂಲಿಯ ಮಾತು ಮಾತ್ರ ಹೀಗೆ ಅಂಕಿಗಳಿಂದ ಮುಗಿಯುವುದಿಲ್ಲ. ಯಾವ ಮರದಲ್ಲಿ ಪೊಟರೆಯಿದೆ, ಯಾವುದರಲ್ಲಿ ಜೇನಿದೆ, ಯಾವುದಕ್ಕೆ ಮಂಗಟ್ಟೆ ಬರುತ್ತದೆ ಎಂಬುದನ್ನು ಕೊಡಲಿ ಹಿಡಿದವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಒಂದು ಸಂಜೆ ನಾನು ತಂದೆಯವರನ್ನು ಈ ವಿಷಯ ಕೇಳಿದೆ. ಅವರು ಬೀಡಿ ಆರಿಸಿ, ನಮ್ಮೂರಿನ ಸುತ್ತಿನ ಪೊಟರೆಮರಗಳನ್ನು ಊಟಕ್ಕೆ ಕರೆಯುವವರೆಗೂ ಒಂದೊಂದಾಗಿ ಹೇಳಿದರು. ಕಡಿದು ಹೋದವನ್ನೂ ಸೇರಿಸಿ. ಈ ವಿದ್ಯೆಗೆ ಸಂಬಳವಿಲ್ಲ, ಮರ ಉರುಳಿಸುವ ತೋಳಿಗೆ ಮಾತ್ರ ಸಂಬಳವಿದೆ. ಇದನ್ನು ತಿರುಗಿಸಿದರೆ ಸಾಕು. ಪೊಟರೆಮರಗಳನ್ನು ಗುರುತಿಸಿ ಪಟ್ಟಿ ಮಾಡುವುದು, ಮರಿ ಮಾಡುವ ಕಾಲದಲ್ಲಿ ಕಾವಲಿರುವುದು, ಬೆಂಕಿರೇಖೆ ಸವರುವುದು, ಲಂಟಾನ ಕೀಳುವುದು ಇವೆಲ್ಲ ಕೆಲಸಗಳೇ. ಕಡಿಯಲು ಕೊಡುವ ಕೂಲಿಯನ್ನು ಕಾಯಲು ಕೊಟ್ಟರೆ ನಮ್ಮ ಮನೆಯ ಅನ್ನಕ್ಕೂ ಮಂಗಟ್ಟೆಯ ಮನೆಗೂ ಜಗಳವಿರುವುದಿಲ್ಲ. ಈ ಏರ್ಪಾಡಿಲ್ಲದೆ ಬರಿಯ ನಿಷೇಧ ಹೇರಿದರೆ, ನಷ್ಟ ಹೊರುವವನು ಕೂಲಿಯವನೊಬ್ಬನೇ ಆಗುತ್ತಾನೆ. ಆಗ ಅವನು ಕಾಡಿನ ಮಿತ್ರನಾಗಿ ಉಳಿಯಬೇಕೆಂದು ಬಯಸುವ ಹಕ್ಕು ನಮಗಿರುವುದಿಲ್ಲ.

ಆದುದರಿಂದ ನನ್ನ ಸೂಚನೆಗಳು ಇಷ್ಟು. ಅಭಯಾರಣ್ಯದಲ್ಲಿರುವ ನಿಯಮವನ್ನು ಸಹಜ ಮೀಸಲು ಅರಣ್ಯಗಳಿಗೂ ವಿಸ್ತರಿಸಬೇಕು. ನಿಂತ ಒಣಮರವನ್ನೂ ಬಿದ್ದ ದಿಮ್ಮಿಯನ್ನೂ ಹರಾಜಿಗೆ ತೆಗೆಯಬಾರದು. ಸಾಗುವಾನಿಯ ನೆಡುತೋಪುಗಳಲ್ಲಿ ಕಟಾವು ಮಾಡುವಾಗ ಇಂತಿಷ್ಟು ಹಳೆಯ ಮರಗಳನ್ನು ಸಾಯಲೆಂದೇ ಬಿಡಬೇಕು. ಎಷ್ಟೆಂಬುದನ್ನು ತಜ್ಞರು ನಮ್ಮ ಕಾಡಿನಲ್ಲಿಯೇ ಅಭ್ಯಸಿಸಿ ನಿಶ್ಚಯಿಸಲಿ. ರಸ್ತೆಯ ಮೇಲೆ, ಮನೆಯ ಮೇಲೆ, ವಿದ್ಯುತ್ ತಂತಿಯ ಮೇಲೆ ಬೀಳುವಂತಿರುವ ಮರವನ್ನು ತೆಗೆಯಲೇಬೇಕು. ಆದರೆ ಅಂಥ ಮರವನ್ನೂ ಸಾಧ್ಯವಾದಲ್ಲಿ ಕಡಿದು ಕಾಡಿನೊಳಗೇ ಮಲಗಿಸಬಹುದು. ತಲೆಹೊರೆಯ ಸಣ್ಣ ಕಟ್ಟಿಗೆಗೆ ಅಡ್ಡಿ ಮಾಡಬಾರದು. ಕೂಪಿನ ಕೂಲಿಗಳಿಗೆ ಕಾಡು ಕಾಯುವ ಕೆಲಸದಲ್ಲಿ ಮೊದಲ ಹಕ್ಕು ಕೊಡಬೇಕು.

ಸರ್ಕಾರ ಇದನ್ನೆಲ್ಲ ಮಾಡುವುದು ಎಂದೋ ಏನೋ. ನಮ್ಮ ಕೈಯಲ್ಲಿಯೇ ಆಗುವ ಒಂದು ಕೆಲಸವಿದೆ. ನಮ್ಮ ಕಾಲೇಜಿನ ಆಟದ ಬಯಲಿನ ಹಿಂದೆ, ಕಟ್ಟಡಗಳಿಗೂ ಕಾಲುದಾರಿಗೂ ದೂರವಾಗಿ, ಒಂದು ಹಲಸಿನ ಮರ ಎರಡು ವರ್ಷದ ಹಿಂದೆ ಒಣಗಿತು. ಅದನ್ನು ಹರಾಜು ಹಾಕಬೇಕೆಂಬ ಮಾತು ಕೇಳಿಬರುತ್ತಿದೆ. ಅದರ ನಡುಗಾಂಡದಲ್ಲಿ ಕುಟ್ರುಹಕ್ಕಿ ಕೊರೆದ ಎರಡು ತೂತುಗಳಿವೆ. ಮೇಲಿನದರಲ್ಲಿ ಈ ವರ್ಷ ಮೈನಾ ಸಂಸಾರ ಹೂಡಿದೆ. ವಿರಾಮದ ವೇಳೆಯಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಆ ಮರದಿಂದ ಕಾಲೇಜಿಗೆ ಬರುವ ಹಣ ಒಂದು ಮೇಜಿಗಾದೀತು, ಎರಡು ಬೆಂಚಿಗಾದೀತು. ಹಾಗೆಯೇ ಬಿಟ್ಟರೆ ಪ್ರಾಣಿಶಾಸ್ತ್ರದ ವಿಭಾಗವೇ ಇಲ್ಲದ ನಮ್ಮ ಕಲಾ ಕಾಲೇಜಿಗೆ ಒಂದು ಪ್ರಯೋಗಶಾಲೆ ಬಿಟ್ಟಿಯಾಗಿ ದೊರೆಯುತ್ತದೆ. ಮಾನ್ಯ ಪ್ರಾಂಶುಪಾಲರೂ ಅಧ್ಯಾಪಕವೃಂದವೂ ಈ ಬಿನ್ನಹವನ್ನು ಮನ್ನಿಸಿ, ಆ ಮರವನ್ನು ತಾನಾಗಿ ಬೀಳುವವರೆಗೆ ನಿಲ್ಲಗೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ತೂತುಗಳ ಲೆಕ್ಕವನ್ನು ಕಿರಿಯ ಮಿತ್ರರು ಇಟ್ಟುಕೊಂಡು ಈ ಸಂಚಿಕೆಯಲ್ಲಿಯೇ ಪ್ರಕಟಿಸಲಿ.